ಮಾದರಿ ಫಿರಂಗಿಯ ಮೇಲಿನ ಹೆಸರು ಅದರ ಒಡೆಯನದೇ?

ಪ್ರಶ್ನೆ:
ಪ್ಯಾರಿಸಿನ ಆಂವಲಿದ್‌ನಲ್ಲಿರುವ ಸೇನಾ ವಸ್ತುಸಂಗ್ರಹಾಲಯದಲ್ಲಿ ಕಂಚಿನ ಮಾದರಿ ಫಿರಂಗಿಗಳನ್ನು, ಎಂದರೆ ನಿಜವಾದ ಫಿರಂಗಿಗಳ ಪುಟ್ಟ ಪ್ರತಿರೂಪಗಳನ್ನು, ನೋಡಿ ಬಂದಂದಿನಿಂದ ಒಂದು ಸಂದೇಹ ನನ್ನನ್ನು ಬಿಟ್ಟಿಲ್ಲ. ಹದಿನೆಂಟನೆಯ ಶತಮಾನದ ಇಂಥ ಮಾದರಿಯ ನಳಿಕೆಯ ಮೇಲೆ ರಾಜಲಾಂಛನದ ಜೊತೆಗೆ ಒಬ್ಬ ಕುಲೀನನ ಹೆಸರೂ ಇದ್ದರೆ, ಅದು ಆತನ ಸ್ವಂತ ಸಂಗ್ರಹದ್ದೆಂದು ತಿಳಿಯಬಹುದೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಹೆಸರೊಂದನ್ನೇ ನೆಚ್ಚಿ ಹಾಗೆ ತೀರ್ಮಾನಿಸಬೇಡಿ. ಫ್ರಾನ್ಸಿನ ಫಿರಂಗಿದಳಕ್ಕೆ ಒಬ್ಬ ಮಹಾಧಿಪತಿ ಇರುತ್ತಿದ್ದನು. ಹದಿನಾಲ್ಕನೆಯ ಲೂಯಿಗೆ ಮದಾಮ್ ದ ಮೊಂತೆಸ್ಪಾಳಲ್ಲಿ ಹುಟ್ಟಿ, ಅನಂತರ ಅರಸನ ಮಗನೆಂದು ಮಾನ್ಯತೆ ಪಡೆದ ಮೇನ್‌ನ ಡ್ಯೂಕ್ 1694ರಿಂದ 1736ರವರೆಗೆ ಆ ಹುದ್ದೆಯಲ್ಲಿದ್ದನು. ಅವನ ಬಳಿಕ ಅವನ ಮಗ, ಯೂ ಎಂಬ ಊರಿನ ಕೌಂಟ್ ಆಗಿದ್ದ ಲೂಯಿ ಶಾರ್ಲ್, 1755ರಲ್ಲಿ ಹುದ್ದೆಯೇ ರದ್ದಾಗುವ ತನಕ ಅದನ್ನು ನಿರ್ವಹಿಸಿದನು. ಆ ಕಾಲದಲ್ಲಿ ಎರಕ ಹೊಯ್ದ ಯುದ್ಧದ ಫಿರಂಗಿಗಳ ಮೇಲೂ ಇವರ ಹೆಸರುಗಳು ಕಾಣುತ್ತವೆ. ಮಾದರಿ ಮಾಡಿದವನು ಡಾಲ್ಫಿನ್ ಆಕಾರದ ಹಿಡಿಗಳನ್ನೂ, ‘ಅರಸರ ಕೊನೆಯ ವಾದ’ ಎಂಬರ್ಥದ ಲ್ಯಾಟಿನ್ ವಾಕ್ಯವನ್ನೂ ದೊಡ್ಡದರಲ್ಲಿದ್ದಂತೆಯೇ ಮೂಡಿಸುವಾಗ ಹೆಸರನ್ನೂ ಮೂಡಿಸಿರಬಹುದು. ಲಾಂಛನದ ಕೆಳಗೆ ಎರಡು ಪುಟ್ಟ ಫಿರಂಗಿಗಳಿದ್ದರೆ ಅದು ಮಹಾಧಿಪತಿಯ ಹುದ್ದೆಯ ಗುರುತು. ಅದು ಅಧಿಕಾರವನ್ನು ಹೇಳುತ್ತದೆಯೇ ಹೊರತು ಒಡೆತನವನ್ನಲ್ಲ.

ಉತ್ತರ 2:
ಮೇಲಿನ ಮಾತು ಸರಿಯಾಗಿದೆ. ನಳಿಕೆಯಷ್ಟೇ ಎಚ್ಚರದಿಂದ ಅದನ್ನು ಹೊತ್ತ ಗಾಡಿಯನ್ನೂ ನೋಡಬೇಕೆಂದು ಸೇರಿಸುತ್ತೇನೆ. ಫ್ರೆಂಚ್ ಫಿರಂಗಿಗಳ ವಿನ್ಯಾಸವನ್ನು ಗೊತ್ತುಪಡಿಸಿದ 1732ರ ವಾಲಿಯೇರ್ ಪದ್ಧತಿಯಲ್ಲಿ ನಳಿಕೆಯನ್ನು ಏರಿಸಿ ಇಳಿಸಲು ಅದರ ಹಿಂಬದಿಯ ಅಡಿಗೆ ಮರದ ಬೆಣೆ ಕೊಡುತ್ತಿದ್ದರು; 1765ರ ಗ್ರಿಬೊವಾಲ್ ಪದ್ಧತಿಯಲ್ಲಿ ಆ ಕೆಲಸಕ್ಕೆ ತಿರುಪು ಬಂದಿತು. ಆದ್ದರಿಂದ ಯೂ ಕೌಂಟನ ಹೆಸರಿರುವ ನಳಿಕೆ ತಿರುಪಿನ ಗಾಡಿಯ ಮೇಲೆ ಕುಳಿತಿದ್ದರೆ, ಗಾಡಿಯನ್ನು ಬಹುಶಃ ಅನಂತರ ಜೋಡಿಸಿದ್ದಾರೆ. ಇಂಥ ಮಾದರಿಗಳನ್ನೆಲ್ಲ ಅರಮನೆಯ ಆಟಿಕೆಗಳೆಂದು ಯಾರಾದರೂ ಕರೆದರೆ ಅದನ್ನೂ ನಾನು ಒಪ್ಪಲಾರೆ. 1720ರಲ್ಲಿ ಮೆತ್ಸ್, ಸ್ಟ್ರಾಸ್‌ಬೋರ್ಗ್, ಗ್ರೆನೋಬ್ಲ್ ಮೊದಲಾದ ಊರುಗಳಲ್ಲಿ ಫಿರಂಗಿದಳದ ಶಾಲೆಗಳು ಆರಂಭವಾದವು. ಫಿರಂಗಿಯ ಅಂಗಾಂಗಗಳನ್ನು ಮೇಜಿನ ಮೇಲಿಟ್ಟು ವಿವರಿಸಲು ಮಾದರಿಗಿಂತ ಉತ್ತಮ ಸಾಧನ ಯಾವುದಿದ್ದೀತು?

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ಹಾಗಾದರೆ ಒಡೆತನಕ್ಕೆ ಯಾವುದನ್ನು ಆಧಾರವೆಂದು ಹಿಡಿಯಬೇಕು?

ಉತ್ತರ 1:
ಕಾಗದಪತ್ರಗಳನ್ನು. ಕುಲೀನರು ತೀರಿಕೊಂಡಾಗ ನೋಟರಿಗಳು ಮನೆಯ ವಸ್ತುಗಳನ್ನು ಕೋಣೆ ಕೋಣೆಯಾಗಿ ಪಟ್ಟಿ ಮಾಡುತ್ತಿದ್ದರು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ದೇಶ ತೊರೆದವರ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡಾಗಲೂ ಪಟ್ಟಿಗಳನ್ನು ಬರೆದರು. ಅಂಥ ಪಟ್ಟಿಯ ಅಳತೆ ಮತ್ತು ವಿವರಣೆ ನಿಮ್ಮ ಮುಂದಿರುವ ಮಾದರಿಗೆ ಹೊಂದಿದಾಗ ಮಾತ್ರ ಒಡೆಯನ ಹೆಸರು ಹೇಳಿ.