ಮೂರನೇ ಸೀಸನ್‌ನಲ್ಲಿ ನಮ್ಮ ಸೆಕ್ರೆಟರಿ ಬರೀ ಮಳ್ಳ ಆಗದಂತೆ ನೋಡಿಕೊಳ್ಳುವುದು ಹೇಗೆ?

ಕೇಳಿದವರು, ಶಿರಸಿ

ಅಡಕೆ ಸೊಸೈಟಿ ಆಫೀಸಿನ ಕಥೆ ಇಟ್ಟುಕೊಂಡು ಯೂಟ್ಯೂಬಿಗೆ ಕಾಮಿಡಿ ಸರಣಿ ಮಾಡುತ್ತಿದ್ದೇವೆ. ಸೊಸೈಟಿ ಕಾಲ್ಪನಿಕ. ಜಾತಿ ಮಾತ್ರ ಅಮೆರಿಕದ 'ದಿ ಆಫೀಸ್'ದು: ಡಾಕ್ಯುಮೆಂಟರಿಯವರು ಬಂದಿದ್ದಾರೆ ಅನ್ನುವ ನೆಪ, ನಡುನಡುವೆ ಒಬ್ಬೊಬ್ಬರೇ ಕ್ಯಾಮೆರಾ ಎದುರು ಕೂತು ಮಾತಾಡುವುದು, ನೋಡಿದವರು ಮುಖ ಮುಚ್ಚಿಕೊಳ್ಳುವಂಥ ಮುಜುಗರ. ಎಪಿಸೋಡ್ 15 ನಿಮಿಷ, ಎರಡು ಸೀಸನ್ ಆಗಿದೆ. ಈಗ ಕಮೆಂಟಿನಲ್ಲಿ ಒಂದೇ ರಾಗ: "ಮೊದಲು ಸೆಕ್ರೆಟರಿ ನೋಡಿದ್ರೆ ಪಾಪ ಅನಿಸ್ತಿತ್ತು, ಈಗ ಬರೀ ಮಳ್ಳ." ಲೆಕ್ಕಪತ್ರ ನೋಡುವ ಹುಡುಗಿ, ಅಡಕೆ ವಿಂಗಡಿಸುವ ಹುಡುಗ, ಇಬ್ಬರಿಗೂ ಮದುವೆ ಮಾಡಿಸಿಬಿಟ್ಟಿದ್ದೇವೆ. ಮುಂದೆ ಅವರಿಗೆ ಎಂತ ಕೆಲಸ ಕೊಡುವುದು ತಿಳಿಯುತ್ತಿಲ್ಲ. ಬಹಳ ವರ್ಷ ಓಡಿದ ಇಂಥ ಸರಣಿಗಳನ್ನು ಬಿಡಿಸಿ ನೋಡಿದವರು, ಬರೆದು ಗೊತ್ತಿದ್ದವರು ಹೇಳಿ. ಎಲ್ಲಿ ಕೆಡುತ್ತದೆ, ತಡೆಯುವುದು ಹೇಗೆ?

ಕುಮಟಾ

ರೋಗ ಯಾವುದೆಂದು ನಿಮ್ಮ ನೋಡುಗರೇ ಹೇಳಿಬಿಟ್ಟಿದ್ದಾರೆ. ಪೂರ್ತಿ ದಡ್ಡನಿಗೆ ನಾಚಿಕೆ ಇರುವುದಿಲ್ಲ, ಅವನ ಪರವಾಗಿ ನಾವು ನಾಚಿಕೊಳ್ಳುವುದೂ ಇಲ್ಲ. ಮುಜುಗರ ಹುಟ್ಟಬೇಕಾದರೆ ಆ ಮನುಷ್ಯನಿಗೆ ಸರಿ ಯಾವುದೆಂದು ಅರ್ಧವಾದರೂ ಗೊತ್ತಿರಬೇಕು, ಎದುರಿಗೆ ಕೂತವರಿಗೆ ಕಳೆದುಕೊಳ್ಳುವಂಥದ್ದು ಏನಾದರೂ ಇರಬೇಕು. ಎರಡರಲ್ಲಿ ಒಂದು ಹೋದರೂ ಉಳಿಯುವುದು ಬರೀ ಕೋಡಂಗಿತನ.

ದಿ ಆಫೀಸ್‌ನ ಬಾಸ್ ಮೈಕೆಲ್ ಸ್ಕಾಟ್ ಹೇಗೆ ಬದಲಾದ ನೋಡಿ. 2005ರ ಮೊದಲ ಸೀಸನ್ ಆರೇ ಎಪಿಸೋಡ್, ಮೊದಲನೆಯದಂತೂ ಬ್ರಿಟಿಷ್ ಮೂಲದ ಚಿತ್ರಕಥೆಯ ಹತ್ತಿರಹತ್ತಿರ ನಕಲು. ಅಲ್ಲಿ ಅವನು ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲಿನ ಕಿರಿಕಿರಿ ಬಾಸ್, ಅಷ್ಟೆ. ಎರಡನೇ ಸೀಸನ್‌ನಲ್ಲಿ ಕೂದಲು ಬದಲಾಯಿಸಿದರು, ಕೇಡಿಗತನ ಇಳಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ ಅವನಿಗೊಂದು ಕಸುಬು ಬರುತ್ತದೆಂದು ತೋರಿಸಿದರು. 'ದಿ ಕ್ಲೈಂಟ್' ಎಪಿಸೋಡಿನಲ್ಲಿ ಕೌಂಟಿಯ ಕಾಗದ ಖರೀದಿ ಅಧಿಕಾರಿಯನ್ನು ಚಿಲೀಸ್ ಹೋಟೆಲಿಗೆ ಕರೆದೊಯ್ಯುತ್ತಾನೆ. ತಿಂಡಿ, ಜೋಕು, ಹಾಳು ಹರಟೆ ನೋಡಿ ಮೇಲಧಿಕಾರಿ ಜ್ಯಾನ್ ವ್ಯವಹಾರ ಕೆಟ್ಟಿತೆಂದೇ ತಿಳಿಯುತ್ತಾಳೆ. ಅವನು ಮಾತ್ರ ಗಿರಾಕಿಯನ್ನು ಹದ ಮಾಡುತ್ತಿರುತ್ತಾನೆ, ಆರ್ಡರ್ ಸಿಕ್ಕೇಬಿಡುತ್ತದೆ. ಆ ಒಂದು ದೃಶ್ಯದ ಬಡ್ಡಿಯಲ್ಲೇ ಮುಂದಿನ ಐದು ವರ್ಷದ ಮಂಗಾಟ ನಡೆದಿದೆ. ನಿಮ್ಮ ಸೆಕ್ರೆಟರಿಗೂ ಅಂಥದ್ದು ಬೇಕು. ಸಭೆಯಲ್ಲಿ ಏನು ಬೇಕಾದರೂ ಹಲುಬಲಿ, ಅಡಕೆ ಕತ್ತರಿಸಿ ಬಣ್ಣ ನೋಡಿ "ಇದು ಹೋದ ವರ್ಷದ ಚಾಲಿ, ಹೊಸದರ ಜೊತೆ ಸೇರಿಸಿದ್ದೀರಿ" ಅನ್ನಬೇಕು. ಅದು ಸರಿಯಾಗಿರಬೇಕು. ಟೆಂಡರಿನವರು ಸುಮ್ಮನಾಗಬೇಕು.

ಅದೇ ಆಫೀಸಿನ ಕೆವಿನ್ ಇದಕ್ಕೆ ತದ್ವಿರುದ್ಧ ಉದಾಹರಣೆ. ಎರಡನೇ ಸೀಸನ್ ಕೊನೆಯಲ್ಲಿ ಅವನು ನಿಧಾನ ಮಾತಿನ ಲೆಕ್ಕಿಗ, ಆದರೆ 2002ರ ವಿಶ್ವ ಪೋಕರ್ ಸರಣಿಯಲ್ಲಿ ಗೆದ್ದವನು. ನಾಲ್ಕನೇ ಸೀಸನ್ ಕೊನೆಗೆ ಸಹೋದ್ಯೋಗಿ ಡ್ವೈಟ್ ಹೊಸದಾಗಿ ಬಂದ ಹಾಲಿ ಎಂಬವಳಿಗೆ "ಇವನಿಗೆ ಬುದ್ಧಿ ಬೆಳೆದಿಲ್ಲ" ಅಂತ ಸುಳ್ಳು ಹೇಳುತ್ತಾನೆ. ಕೆವಿನ್ ಹಾಗಿಲ್ಲವೆಂದು ನಮಗೆ ಗೊತ್ತಿದ್ದದ್ದಕ್ಕೆ ಅದು ನಗೆ. ಮುಂದಿನ ಸೀಸನ್‌ಗಳಲ್ಲಿ ಬರೆಯುವವರೇ ಆ ಸುಳ್ಳನ್ನು ನಂಬಿದ ಹಾಗೆ ಬರೆದರು. ಕೊನೆಯ ಎಪಿಸೋಡಿಗೆ ಬರುವಾಗ ಲೆಕ್ಕ ಸರಿಹೊಂದಿಸಲು 'ಕೆಲೆವನ್' ಅನ್ನುವ ಅಂಕಿಯನ್ನೇ ಹುಟ್ಟಿಸಿಕೊಂಡವನಾಗಿ ಕೆಲಸ ಕಳೆದುಕೊಳ್ಳುತ್ತಾನೆ.

ಹೀಗಾಗಲು ಕಾರಣ ಸೋಮಾರಿತನವೊಂದೇ ಅಲ್ಲ. ಹೊಸ ಬರಹಗಾರ ಪಾತ್ರವನ್ನು ಕಲಿಯುವುದು ಹಳೆಯ ಎಪಿಸೋಡ್ ನೋಡಿ. ಕಣ್ಣಿಗೆ ಬೀಳುವುದು ಅತಿ ಹೆಚ್ಚು ನಗು ಬಂದ ಜಾಗ. ಅಲ್ಲಿಂದ ಒಂದು ಮೆಟ್ಟಿಲು ಮೇಲೆ ಬರೆಯುತ್ತಾನೆ, ಮುಂದಿನವನು ಅದರ ಮೇಲೆ ಇನ್ನೊಂದು. ದಿ ಆಫೀಸ್‌ನ ಉಸ್ತುವಾರಿಯೂ ಕೈ ಬದಲಾಗಿದೆ: ನಾಲ್ಕು ಸೀಸನ್ ಗ್ರೆಗ್ ಡೇನಿಯಲ್ಸ್, ಆಮೇಲೆ ಎರಡು ಸೀಸನ್ ಜೆನಿಫರ್ ಸೆಲೋಟಾ ಮತ್ತು ಪಾಲ್ ಲೀಬರ್‌ಸ್ಟೀನ್, ಮತ್ತೆರಡು ಲೀಬರ್‌ಸ್ಟೀನ್ ಒಬ್ಬರೇ, ಒಂಬತ್ತನೆಯದಕ್ಕೆ ಡೇನಿಯಲ್ಸ್ ವಾಪಸ್.

ಸಿದ್ದಾಪುರ

ಕುಮಟಾದವರು ಹೇಳಿದ ಮೆಟ್ಟಿಲು ಹತ್ತುವುದನ್ನು ತಡೆಯಲು ಪ್ರತಿ ಪಾತ್ರಕ್ಕೆ ಒಂದು ಪುಟದ ಖಾತೆ ಇಡಿ. ನಾಲ್ಕು ಕಲಂ ಸಾಕು: ಯಾವ ಕೆಲಸ ಚೆನ್ನಾಗಿ ಬರುತ್ತದೆ, ಯಾರಿಂದ ಏನು ಬೇಕಾಗಿದೆ, ಯಾರ ಎದುರು ಮರ್ಯಾದೆ ಹೋಗಬಾರದು, ಹಿಂದೆ ಕೊಟ್ಟ ಮಾತು ಯಾವುದು ಬಾಕಿ ಇದೆ. ಕೊನೆಯ ಕಲಮನ್ನು ಎಲ್ಲರೂ ಬಿಡುತ್ತಾರೆ, ಕಥೆ ಹುಟ್ಟುವುದೇ ಅಲ್ಲಿಂದ.

ಬರೆದಾದ ಮೇಲೆ ಸೆಕ್ರೆಟರಿಯ ಪ್ರತಿ ಎಡವಟ್ಟಿನ ಬದಿಗೆ ಪೆನ್ಸಿಲಿನಲ್ಲಿ ಕಾರಣ ಬರೆಯಿರಿ: ಜಂಭ, ಹೆದರಿಕೆ, ಪ್ರೀತಿ, ಗೊತ್ತಿಲ್ಲದ್ದು. ನಾಲ್ಕರಲ್ಲಿ ಯಾವುದೂ ಹೊಂದದಿದ್ದರೆ ಅದು 'ಸುಮ್ಮನೆ'. 'ಸುಮ್ಮನೆ' ಅನ್ನುವುದೆಲ್ಲ ಹೊಡೆದು ಹಾಕಿ. 'ಗೊತ್ತಿಲ್ಲದ್ದು' ಒಂದು ಎಪಿಸೋಡಿನಲ್ಲಿ ಎರಡು ಸಲಕ್ಕಿಂತ ಹೆಚ್ಚು ಬಂದರೆ ಮಳ್ಳತನದ ಕಡೆ ಜಾರುತ್ತಿದ್ದೀರಿ ಅಂತಲೇ ಲೆಕ್ಕ. ಒಂದೇ ಗುಣದಿಂದ ಕಥೆ ಹುಟ್ಟುವುದು ಮೂರು ಎಪಿಸೋಡಿಗೆ ಒಂದು ಸಲ ಸಾಕು.

ಬಾಕಿ ಮಾತಿನ ಬಲ ನೋಡಬೇಕಾದರೆ 2009ರ 'ಸ್ಕಾಟ್ಸ್ ಟಾಟ್ಸ್' ನೋಡಿ. ಮೂರನೇ ತರಗತಿಯ ಮಕ್ಕಳಿಗೆ ಕಾಲೇಜು ಫೀ ಕೊಡುತ್ತೇನೆ ಅಂದಿದ್ದ ಮೈಕೆಲ್, ಅವರು ಹೈಸ್ಕೂಲು ಮುಗಿಸುವ ಹೊತ್ತಿಗೆ ಕೈಯಲ್ಲಿ ಕಾಸಿಲ್ಲದೆ ಎದುರು ನಿಲ್ಲುತ್ತಾನೆ. ಕೊಡುವುದು ಲ್ಯಾಪ್‌ಟಾಪ್ ಬ್ಯಾಟರಿ, ಲ್ಯಾಪ್‌ಟಾಪೂ ಅಲ್ಲ. ತಡೆಯಲಾರದೆ ಅದನ್ನು ದಾಟಿಸಿ ನೋಡುವವರು ಬಹಳ. ಕಟ್ಟಿದ ರೀತಿ ಗಮನಿಸಿ: ತೂತು ನಮಗೆ ಮೊದಲೇ ಕಾಣುತ್ತದೆ, ಮಕ್ಕಳು ಹಾಡಿ ಕುಣಿದು ಥ್ಯಾಂಕ್ಸ್ ಹೇಳುವಾಗ ಒಂದೊಂದು ನಿಮಿಷವೂ ಸಾಲ ಏರುತ್ತದೆ, ಬಾಯಿ ಬಿಡುವುದು ಕೊಟ್ಟಕೊನೆಗೆ.

ನಿಮ್ಮಲ್ಲಿ ಇದು ಹೀಗೆ ಬರಬಹುದು. ಸೆಪ್ಟೆಂಬರಿನ ವಾರ್ಷಿಕ ಸಭೆಯಲ್ಲಿ ಚಪ್ಪಾಳೆಯ ಆಸೆಗೆ ಸೆಕ್ರೆಟರಿ "ಬರುವ ಮಳೆಗಾಲಕ್ಕೆ ಎಲ್ಲ ಸದಸ್ಯರಿಗೂ ಕೊಳೆ ಔಷಧಿಯ ಮೈಲುತುತ್ತ ಪುಕ್ಕಟೆ" ಅಂದುಬಿಡಲಿ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಸಲ, ಸುಮಾರು 40–45 ದಿನ ಬಿಟ್ಟು ಮತ್ತೊಂದು ಸಲ. ಇಡೀ ಊರಿಗೆ ಎಷ್ಟಾಗುತ್ತದೆಂದು ಲೆಕ್ಕದ ಹುಡುಗಿ ಅಲ್ಲೇ ವೇದಿಕೆಯ ಮೇಲೆ ಕ್ಯಾಲ್ಕುಲೇಟರ್ ಒತ್ತಲಿ. ಬಿಲ್ಲು ಬರುವುದು ಮೇ ಕೊನೆಯಲ್ಲಿ, ಏಳೆಂಟು ಎಪಿಸೋಡ್ ಕಳೆದು. ನಡುವೆ ಯಾರೋ ಒಬ್ಬ ಅಜ್ಜ ಪ್ರತಿ ಸಲ ಬಂದು "ಮೈಲುತುತ್ತ ಬಂತಾ?" ಅಂತ ಕೇಳಿ ಹೋದರೆ ಸಾಕು.

ಕಾರವಾರ

ನನ್ನದು ಸ್ವಲ್ಪ ಬೇರೆ ಮಾತು. ಮೈಕೆಲ್‌ನನ್ನು ಮೃದು ಮಾಡಿದ್ದಕ್ಕೆ ಸರಣಿ ಉಳಿಯಿತು, ಒಪ್ಪಿದೆ. ಆದರೆ ಆರು–ಏಳನೇ ಸೀಸನ್‌ಗೆ ಬಂದಾಗ ಅವನು ಬಹುಪಾಲು ಒಳ್ಳೆಯ ಮನುಷ್ಯನೇ ಆಗಿಬಿಟ್ಟಿದ್ದ. ಮುಜುಗರ ಅಪರೂಪವಾಗಿ, ಮನೆಮಂದಿಯ ಕಾಮಿಡಿ ಹೆಚ್ಚಾಯಿತು. ಬಹಳ ಜನರಿಗೆ ಅದೇ ಇಷ್ಟ, ನನಗಲ್ಲ.

ಖಾರ ಇಳಿಸದೆ ಓಡಿಸುವ ದಾರಿ ಗಿಡ್ಡ ಸೀಸನ್. ಬ್ರಿಟಿಷ್ ಆಫೀಸ್ 2001ರಿಂದ 2003ರವರೆಗೆ ಆರಾರರ ಎರಡು ಸರಣಿ, ಎರಡು ಕಂತಿನ ಕ್ರಿಸ್‌ಮಸ್ ವಿಶೇಷ, ಒಟ್ಟು 14ಕ್ಕೆ ಮುಗಿಸಿದರು. ಅಮೆರಿಕದ್ದು 2013ರವರೆಗೆ 201 ಎಪಿಸೋಡ್. ಬ್ರಿಟನ್ನಿನದೇ ಇನ್ನೊಂದು ಕಾಮಿಡಿ 'ಪೀಪ್ ಶೋ' 2003ರಿಂದ 2015ರವರೆಗೆ ಒಂಬತ್ತು ಸರಣಿ ಓಡಿದರೂ ಒಟ್ಟು 54, ಪ್ರತಿ ಸರಣಿ ಆರೇ. ಅಲ್ಲಿ ಮಾರ್ಕ್ ಮತ್ತು ಜೆರೆಮಿ ಕಲಿಯುವುದೂ ಇಲ್ಲ, ಉದ್ಧಾರ ಆಗುವುದೂ ಇಲ್ಲ. ಅವರ ಮನಸ್ಸಿನ ಮಾತು ನಮಗೆ ಕೇಳುತ್ತದಲ್ಲ, ತಪ್ಪು ಮಾಡುವಾಗಲೇ ಅದಕ್ಕೆ ಕೊಟ್ಟುಕೊಳ್ಳುವ ಸಮಜಾಯಿಷಿಯೂ ಕಿವಿಗೆ ಬೀಳುತ್ತದೆ, ಅದರಿಂದ ಪಾತ್ರ ಪೂರ್ತಿ ಚಪ್ಪಟೆ ಆಗುವುದಿಲ್ಲ. ಅಷ್ಟಾದರೂ ಕೊನೆಕೊನೆಗೆ ಜೆರೆಮಿ ಮೊದಲಿಗಿಂತ ದಡ್ಡನೇ. ಆರಕ್ಕಿಂತ ಹೆಚ್ಚು ಮಾಡಬೇಡಿ ಮಾರಾಯ್ರೆ, ಅದರಲ್ಲೂ ಬರೆಯುವವರು ಇಬ್ಬರೋ ಮೂವರೋ ಇದ್ದರೆ.

ಯಲ್ಲಾಪುರ

ಮದುವೆಯಾದ ಜೋಡಿಯ ಬಗ್ಗೆ. ದಿ ಆಫೀಸ್‌ನ ಜೋಡಿ ಜಿಮ್–ಪ್ಯಾಮ್ ನೋಡಿ: ಜಿಮ್ ಪ್ರೀತಿ ಹೇಳಿ ಮುತ್ತಿಟ್ಟದ್ದು ಎರಡನೇ ಸೀಸನ್ ಕೊನೆಗೆ, ಒಂದಾಗಿದ್ದು ನಾಲ್ಕರ ಶುರುವಿಗೆ, ಮದುವೆ ಆರನೆಯದರಲ್ಲಿ. ಮದುವೆಯಿಂದ ಏನೂ ಕೆಡಲಿಲ್ಲ. ಕೆಟ್ಟದ್ದು ಇಬ್ಬರಿಗೂ ಕಳೆದುಕೊಳ್ಳುವಂಥದ್ದು ಏನೂ ಉಳಿಯದೆ ಹೋದಾಗ. ಮೊದಲು ಜಿಮ್ ಕ್ಯಾಮೆರಾ ಕಡೆ ನೋಡಿದರೆ "ನಾನೂ ಇಲ್ಲಿ ಸಿಕ್ಕಿಬಿದ್ದಿದ್ದೇನೆ" ಅನ್ನುವ ನೋಟ. ಸುಖವಾದ ಮೇಲೆ ಅದೇ ನೋಟ "ಇವರೆಲ್ಲ ನನಗಿಂತ ಕಡಿಮೆ" ಅಂದ ಹಾಗೆ ಕಾಣತೊಡಗಿತು. ಒಂಬತ್ತನೇ ಸೀಸನ್‌ನಲ್ಲಿ ಪ್ಯಾಮ್‌ಗೆ ಹೇಳದೆ ಫಿಲಡೆಲ್ಫಿಯಾದ ಕ್ರೀಡಾ ಕಂಪನಿಗೆ ಕೈಹಾಕಿದ ಕಥೆ ತಂದರು. ಆ ಕಥೆ ಗಟ್ಟಿ, ಬಂದದ್ದು ತಡ.

ನಿಮ್ಮ ಜೋಡಿಗೆ ಜಗಳ ಹೊರಗಿಂದ ತರಬೇಡಿ, ಮೂರನೆಯವಳು, ಅತ್ತೆ, ಅದೆಲ್ಲ ಧಾರಾವಾಹಿಗೆ ಬಿಡಿ. ಕೆಲಸದೊಳಗಿಂದಲೇ ತೆಗೆಯಿರಿ. ಗೋದಾಮಿನಲ್ಲಿ ಅಡಕೆ ಒಣಗಿ ತೂಕ ಇಳಿಯುವುದು ಸಹಜ. ಎಷ್ಟು ಇಳಿದರೆ ಸಹಜ, ಎಲ್ಲಿಂದ ಕಳ್ಳತನ? ದಾಸ್ತಾನು ಲೆಕ್ಕ ಅವಳದು, ಮಾಲು ಅವನದು. ಮನೆಯಲ್ಲಿ ಊಟಕ್ಕೆ ಕೂತಾಗ ಗಂಡನಿಗೆ ಕೇಳಲಾಗದ ಪ್ರಶ್ನೆಯನ್ನು ಆಫೀಸಿನಲ್ಲಿ ನೋಟೀಸು ಕೊಟ್ಟು ಕೇಳಬೇಕಾಗುತ್ತದೆ. ಆರು ಎಪಿಸೋಡಿಗೆ ಇದು ಧಾರಾಳ.

ಹೊನ್ನಾವರ

ಬರವಣಿಗೆ ಎಷ್ಟೇ ಚೆನ್ನಾಗಿದ್ದರೂ ಎಡಿಟಿಂಗಿನಲ್ಲಿ ಹಾಳಾಗುತ್ತದೆ. ಒಬ್ಬರೇ ಕೂತು ಮಾತಾಡುವ ತುಣುಕು 15 ನಿಮಿಷಕ್ಕೆ ನಾಲ್ಕೈದು ಸಾಕು, ಒಂದೊಂದು 20 ಸೆಕೆಂಡಿನೊಳಗೆ. ಅದರ ಕೆಲಸ ಸುಳ್ಳು ಹಿಡಿಯುವುದು: "ನನಗೂ ಅಧ್ಯಕ್ಷರಿಗೂ ಭಾಯಿ ಭಾಯಿ" ಅಂದ ಕೂಡಲೇ ಅಧ್ಯಕ್ಷರು ಹೆಸರು ಮರೆತು ಕರೆಯುವ ದೃಶ್ಯಕ್ಕೆ ಕತ್ತರಿಸಬೇಕು. ಹಳೆಯದಾದ ಸರಣಿಗಳಲ್ಲಿ ಈ ತುಣುಕು ಬರೀ ಜೋಕು ಹೇಳುವ ಜಾಗವಾಗುತ್ತದೆ, ಅದೇ ಇಳಿಕೆಯ ಮೊದಲ ಗುರುತು.

ಕೆಟ್ಟ ಮಾತು ಬಿದ್ದ ಮೇಲೆ ಎರಡು ಮೂರು ಸೆಕೆಂಡು ಅದೇ ಶಾಟ್ ಹಿಡಿದಿಡಿ. ಆಮೇಲೆ ಕೇಳಿಸಿಕೊಂಡವರ ಮುಖ, ಪ್ರತಿ ಸಲ ಒಬ್ಬರದೇ ಬೇಡ. ಹಿನ್ನೆಲೆ ಸಂಗೀತ ಬೇಡವೇ ಬೇಡ. ಶೂಟ್ ಮಾಡಿದ ಕೋಣೆಯ ಖಾಲಿ ಸದ್ದು ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಇಲ್ಲವಾದರೆ ಮೌನದ ಜಾಗದಲ್ಲಿ ಆಡಿಯೋ ಕಡಿದ ಹಾಗೆ ಕೇಳುತ್ತದೆ, ಮುಜುಗರ ಅಲ್ಲೇ ಸತ್ತುಹೋಗುತ್ತದೆ. ಜೂನ್‌ನಿಂದ ಶೀಟಿನ ಮಾಡಿನ ಕೆಳಗೆ ಶೂಟಿಂಗ್ ಇಟ್ಟುಕೊಳ್ಳಬೇಡಿ. ನಮ್ಮ ಮಳೆಯ ಸದ್ದು ಕಾಲರ್ ಮೈಕಿನಲ್ಲೂ ಹೊಕ್ಕುತ್ತದೆ, ನಡುವೆ ನಿಂತರಂತೂ ಎರಡು ಶಾಟ್ ಕೂಡಿಸಲಿಕ್ಕೇ ಬರುವುದಿಲ್ಲ.

ಖರ್ಚು ಕಡಿಮೆ ಮಾಡಿ ಖಾರ ಹೆಚ್ಚಿಸಬೇಕಾದರೆ ದಿ ಆಫೀಸ್ ನಾಲ್ಕನೇ ಸೀಸನ್‌ನ 'ಡಿನ್ನರ್ ಪಾರ್ಟಿ' ನೋಡಿ. ಒಂದು ಮನೆ, ಮೂರು ಜೋಡಿ, ಕರೆಯದೆ ಬಂದ ಡ್ವೈಟ್, ಬೇಯದ ಅಡುಗೆ. ಎದ್ದು ಹೋಗಲು ಯಾರಿಗೂ ನೆಪ ಸಿಗದಿರುವುದೇ ಕಥೆ.

ಕೇಳಿದವರು, ಶಿರಸಿ

ಎಲ್ಲರಿಗೂ ಉಪಕಾರ ಆಯಿತು. ಒಂದು ಮಾತು ಬಿಟ್ಟಿದ್ದೆ: ಸೆಕ್ರೆಟರಿ ಪಾತ್ರದವರು ಈ ಸೀಸನ್ ಮುಗಿಸಿ ಬೆಂಗಳೂರಿಗೆ ಹೋಗುತ್ತಾರೆ. ಬೇರೆ ಸೆಕ್ರೆಟರಿ ತರುವುದೋ, ನಿಲ್ಲಿಸುವುದೋ?

ಕಾರವಾರ

ಮೈಕೆಲ್ ಪಾತ್ರದ ಸ್ಟೀವ್ ಕರೆಲ್ ಹೋದದ್ದು 2011ರ ಏಪ್ರಿಲ್‌ನಲ್ಲಿ, ಏಳನೇ ಸೀಸನ್ ಮುಗಿಯುವ ಮೊದಲೇ. ಆ ಜಾಗಕ್ಕೆಂದು ಅವರಿರುವಾಗಲೇ ತಂದ, ವಿಲ್ ಫೆರೆಲ್ ಆಡಿದ ಡಿಏಂಜೆಲೋ ನಾಲ್ಕೇ ಎಪಿಸೋಡಿನ ಅತಿಥಿ. ಸೀಸನ್ ಕೊನೆಗೆ ದೊಡ್ಡ ದೊಡ್ಡ ನಟರನ್ನು ಸಂದರ್ಶನಕ್ಕೆ ಕೂರಿಸಿದರು. ಎಂಟರಲ್ಲಿ ಕುರ್ಚಿ ಅದೇ ಆಫೀಸಿನ ಆ್ಯಂಡಿಗೆ ಕೊಟ್ಟು, ಅವನ ಮೇಲಧಿಕಾರಿಯಾಗಿ ರಾಬರ್ಟ್ ಕ್ಯಾಲಿಫೋರ್ನಿಯಾನನ್ನು ತಂದರು. ಸೋತದ್ದು ಎಲ್ಲಿ ಅಂದರೆ ಆ್ಯಂಡಿಗೆ ಕುರ್ಚಿಯ ಜೊತೆ ಮೈಕೆಲ್‌ನ ಚಾಳಿಯನ್ನೂ ಕೊಟ್ಟರು. ಮೂರನೇ ಸೀಸನ್‌ನಲ್ಲಿ ಗೋಡೆಗೆ ಗುದ್ದಿ ಸಿಟ್ಟಿನ ತರಬೇತಿಗೆ ಹೋಗಿದ್ದ ಮನುಷ್ಯ ಎಲ್ಲಿ ಹೋದ? ಒಂಬತ್ತರಲ್ಲಿ ನಟ ಎಡ್ ಹೆಲ್ಮ್ಸ್‌ಗೆ ಸಿನಿಮಾ ಇದ್ದದ್ದಕ್ಕೆ ಆ್ಯಂಡಿಯನ್ನು ಮೂರು ತಿಂಗಳು ದೋಣಿಯಲ್ಲಿ ಕಳಿಸಿದರು, ವಾಪಸ್ ಬಂದಾಗ ಅವನನ್ನು ಯಾರೂ ಇಷ್ಟಪಡಲಿಲ್ಲ.

ಅಮೆರಿಕದ ಇನ್ನೊಂದು ಮುಜುಗರದ ಕಾಮಿಡಿ 'ಕರ್ಬ್ ಯುವರ್ ಎಂಥೂಸಿಯಾಸಂ' ಬೇರೆ ದಾರಿ ಹಿಡಿಯಿತು. 2007ರ ಆರನೇ ಸೀಸನ್‌ನಲ್ಲಿ ಮುಖ್ಯ ಪಾತ್ರ ಲ್ಯಾರಿಯ ಹೆಂಡತಿ ಬಿಟ್ಟು ಹೋಗುತ್ತಾಳೆ, ಅದೇ ಸೀಸನ್‌ನಲ್ಲಿ ಲಿಯಾನ್ ಎಂಬವನು ಮನೆಯೊಳಗೆ ಬಂದು ಕೂರುತ್ತಾನೆ. ಹೆಂಡತಿ ಲ್ಯಾರಿಯನ್ನು ತಡೆಯುವವಳು, ಇವನು ಇನ್ನಷ್ಟು ಹುರಿದುಂಬಿಸುವವನು. ಖಾಲಿ ಜಾಗಕ್ಕೆ ಅದೇ ಅಳತೆಯವರನ್ನು ತರಲಿಲ್ಲ, ಬಲದ ದಿಕ್ಕನ್ನೇ ತಿರುಗಿಸಿದರು. ಸರಣಿ 2024ರವರೆಗೆ ನಡೆಯಿತು.

ನಿಮ್ಮಲ್ಲಾದರೆ ಸೆಕ್ರೆಟರಿಯನ್ನು ಕೊನೆಯ ಎಪಿಸೋಡಿಗೆ ಕಳಿಸಬೇಡಿ, ಆರರಲ್ಲಿ ನಾಲ್ಕನೆಯದಕ್ಕೆ ಕಳಿಸಿ. ಉಳಿದೆರಡು ಅವರಿಲ್ಲದೆ ನಿಲ್ಲುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಪ್ರಭಾರ ಯಾರಿಗಾದರೂ ಕೆಲಸ ಪಕ್ಕಾ ಗೊತ್ತಿದ್ದು, ಮೈಕ್ ಕಂಡರೆ ಬೆವರುವ ಹಳೆಯ ಗುಮಾಸ್ತರಂಥವರಿಗೆ ಕೊಡಿ. ಆಗ ಮುಜುಗರ ಉಳಿದವರ ಕಡೆಯಿಂದ ಬರುತ್ತದೆ.

ಸಿದ್ದಾಪುರ

ಹಾಗೆ ಮಾಡುವುದಾದರೆ ವಿದಾಯದ ಎಪಿಸೋಡನ್ನು ಎಲ್ಲಕ್ಕಿಂತ ಮೊದಲು ಶೂಟ್ ಮಾಡಿ, ಅವರ ತಾರೀಕು ಕೈಗೆ ಸಿಗುವ ಹಾಗಿದ್ದಾಗಲೇ. ಗಡ್ಡ, ಕೂದಲು, ಶರ್ಟು ಫೋಟೋ ತೆಗೆದಿಟ್ಟುಕೊಳ್ಳಿ. ಮತ್ತೆ ಬೋಳಿಸಿಕೊಂಡು ಬಂದರೆ ಹಿಂದಿನ ಮೂರು ಎಪಿಸೋಡಿಗೆ ತಾಳೆಯಾಗುವುದಿಲ್ಲ. ಮೈಲುತುತ್ತದ ಬಾಕಿ ಮಾತ್ರ ಅವರು ತೀರಿಸಿ ಹೋಗುವುದು ಬೇಡ, ಗುಮಾಸ್ತರ ತಲೆಗೆ ಬರಲಿ.