ಸಹಾಯ ಬೇಕು: ಕದ್ದು ಓದುವವರ ಹಳೇ ಚಿತ್ರಗಳು

ಎಲ್ಲರಿಗೂ ನಮಸ್ಕಾರ. ಭಾನುವಾರ ನಮ್ಮ ಓದುಗರ ಕೂಟದಲ್ಲಿ ನಾನು ಮಾತಾಡಬೇಕು. 19ನೇ ಶತಮಾನದ ಚಿತ್ರಗಳಲ್ಲಿ ಕದ್ದು ಓದುವುದು, ಅದಕ್ಕೆ ಬೀಳುತ್ತಿದ್ದ ತಡೆ, ಇದೇ ವಿಷಯ. ಕೈಯಲ್ಲಿರುವುದು ಎರಡೇ ಚಿತ್ರ.

ಒಂದು, ಬೆಲ್ಜಿಯಂನ ಆಂಟ್ವಾನ್ ವೀರ್ಟ್ಸ್ 1853ರಲ್ಲಿ ಬರೆದದ್ದು. ಹೆಂಗಸೊಬ್ಬಳು ಬೆತ್ತಲಾಗಿ ಮಲಗಿ ಕಾದಂಬರಿ ಓದುತ್ತಿದ್ದಾಳೆ. ಮಂಚದ ಪಕ್ಕ ಕೊಂಬಿನ ದೆವ್ವವೊಂದು ಅಡಗಿ ಕೂತು, ಮೆಲ್ಲಗೆ ಇನ್ನಷ್ಟು ಪುಸ್ತಕ ಸರಿಸುತ್ತಿದೆ! ಕಾದಂಬರಿ ಓದಿದರೆ ಹೆಂಗಸರು ಕೆಡುತ್ತಾರೆ ಅನ್ನೋ ಆಗಿನ ಭಯ ನೋಡಿ ನನಗಂತೂ ನಗು ಬಂತು.

ಇನ್ನೊಂದು ರಷ್ಯಾದ ಇಲ್ಯಾ ರೆಪಿನ್ ಅವರ 'ಪ್ರಚಾರಕನ ಬಂಧನ'. 1880ರಲ್ಲಿ ಶುರು ಮಾಡಿ 1892ರಲ್ಲಿ ಮುಗಿಸಿದ್ದು. ಹಳ್ಳಿಮನೆ, ಕೈ ಹಿಂದಕ್ಕೆ ಕಟ್ಟಿಸಿಕೊಂಡ ಕ್ರಾಂತಿಕಾರಿ ಯುವಕ, ಬಾಯಿ ತೆರೆದ ಪೆಟ್ಟಿಗೆ, ಚೆಲ್ಲಾಡಿದ ಕಾಗದ. ಮಜಾ ಅಂದ್ರೆ, ಆ ನಿಷೇಧಿತ ಕಾಗದವನ್ನು ಅಲ್ಲಿ ಓದುತ್ತಿರುವವನು ಅಧಿಕಾರಿಯೇ.

ಇಂಥ ಇನ್ನೆರಡು ಚಿತ್ರ ಗೊತ್ತಿದ್ದರೆ ಹೇಳಿ. ಫ್ರಾನ್ಸಿನ ಚಿತ್ರಕಾರ ದೊಮಿಯೆ ಬೇಡ, ಅಲ್ಲಿನ ರಾಜನ ವ್ಯಂಗ್ಯಚಿತ್ರ ಬರೆದು ಅವರು 1832ರಲ್ಲಿ ಜೈಲಿಗೆ ಹೋದ ಕತೆ ಹೋದ ಸಲವೇ ಆಗಿದೆ. ಪ್ರೊಜೆಕ್ಟರ್‌ಗೆ ಆಗುವಷ್ಟು ದೊಡ್ಡ ಫೋಟೋ ಇದ್ದರೆ ಇನ್ನೂ ಒಳ್ಳೇದು.

ಇನ್ನೊಂದು ಫಜೀತಿ. ಕೂಟಕ್ಕೆ ಮಕ್ಕಳೂ ಬರುತ್ತಾರೆ. ವೀರ್ಟ್ಸ್ ಚಿತ್ರವನ್ನು ಕತ್ತರಿಸಿ ತೋರಿಸಿದರೆ ನಾನೇ ಸೆನ್ಸಾರ್ ಮಾಡಿದ ಹಾಗಾಗುತ್ತದೆ, ಅಲ್ವಾ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಶುಕ್ರವಾರದೊಳಗೆ ತಿಳಿಸಿದರೆ ಉಪಕಾರ.