ಸಹಾಯ ಬೇಕು: ವಸತಿ ವಲಯದಲ್ಲಿ ಫ್ಲ್ಯಾಟ್, ಆಕ್ಷೇಪಣೆ ಕೊಡುವುದು ಎಲ್ಲಿ?

ಮಂಗಳೂರು ಬಿಜೈ ಹತ್ತಿರ ನಮ್ಮ ಅಡ್ಡರಸ್ತೆಯಲ್ಲಿ ಹಂಚಿನ ಮನೆ ಕೆಡವಿ ಫ್ಲ್ಯಾಟ್ ಕಟ್ಟುತ್ತಾರಂತೆ. ಎರಡು ಕಾರು ಎದುರಾದರೆ ಒಂದು ರಿವರ್ಸ್ ಹೋಗಲೇಬೇಕು. ನಮ್ಮ ಬಾವಿ ಆ ಕಾಂಪೌಂಡಿಗೆ ತಾಗಿಯೇ ಇದೆ. ಏಪ್ರಿಲ್‌ನಲ್ಲಿ ಕೊಡಪಾನ ತಳಕ್ಕೆ ಬಡಿಯುತ್ತದೆ. ಅಕ್ಕಪಕ್ಕದವರು ಕಟ್ಟಡವೇ ಬೇಡ ಅಂತ ಸಹಿ ಹಾಕಿಸುತ್ತಿದ್ದಾರೆ. ನನಗದು ಸರಿ ಕಾಣುವುದಿಲ್ಲ. ಜನರಿಗೆ ಮನೆ ಬೇಕಲ್ವಾ? ರಸ್ತೆ, ಬಾವಿ ಉಳಿದರೆ ಸಾಕು.

ಕಚೇರಿಗೆ ಎರಡು ಸಲ ಹೋದೆ. "ಮಾಸ್ಟರ್ ಪ್ಲ್ಯಾನ್‌ನಲ್ಲಿ ಅದು ವಸತಿ ವಲಯವೇ" ಅಂದರು, ಅಷ್ಟೇ. (ಊರಿನ ಯಾವ ಜಾಗ ಯಾವ ಬಳಕೆಗೆ ಅಂತ ಗುರುತಿಸುವ ನಕ್ಷೆ-ಯೋಜನೆ ಅದು.) 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಸೆಕ್ಷನ್ ಪ್ರಕಾರ ಭೂಬಳಕೆ ಬದಲಿಸುವಾಗ ಪೇಪರಿನಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು. ಇಲ್ಲಿ ಬದಲಾವಣೆಯೇ ಇಲ್ಲ, ಹಾಗಾಗಿ ಪ್ರಕಟಣೆಯೂ ಇಲ್ಲ.

ಪರವಾನಗಿ ಸಿಗುವ ಮೊದಲೇ ನಾವು ಬರೆದು ಕೊಡಬೇಕಾದ್ದು ಯಾರಿಗೆ, ಪಾಲಿಕೆಗೋ ನಗರಾಭಿವೃದ್ಧಿ ಪ್ರಾಧಿಕಾರಕ್ಕೋ? ಅನುಭವ ಇದ್ದವರು ದಯವಿಟ್ಟು ಹೇಳಿ.